ಆಪತ್ತಿಗೆ ಮೊದಲೇ ಬರೆದಿಟ್ಟ ಮಾತು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ನೂರು ವರ್ಷ ತುಂಬಿದ ಕನ್ನಡ ಶಾಲೆಯೊಂದರ ಅಂಗಳದಲ್ಲಿ ನಿಂತು ಮಾತನಾಡುವ ಅವಕಾಶ ದೊರೆತದ್ದು ನನ್ನ ಭಾಗ್ಯವೆಂದು ತಿಳಿದಿದ್ದೇನೆ. ಈ ಶಾಲೆ ಆರಂಭವಾದಾಗ ಆದೋನಿಯು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಭೂಪಟದ ಗೆರೆ ಬದಲಾದರೂ ಇಲ್ಲಿ ಕನ್ನಡದ ಪಾಠ ನಿಲ್ಲಲಿಲ್ಲ. ಅದನ್ನು ನಿಲ್ಲಗೊಡದ ಗುರುಪರಂಪರೆಗೆ ಮೊದಲು ನಮಸ್ಕರಿಸುತ್ತೇನೆ.

ನನಗೆ ವಹಿಸಿರುವ ವಿಷಯ ಕೇಳುವುದಕ್ಕೆ ತುಸು ದೂರದ್ದೆನಿಸಬಹುದು. ಸಾಫ್ಟ್‌ವೇರ್ ತಂಡಗಳು ಆಪತ್ತನ್ನು ಹೇಗೆ ಎದುರಿಸುತ್ತವೆ, ಆ ಎದುರಿಸುವ ಕ್ರಮವನ್ನು ಹೇಗೆ ಬರೆದಿಡುತ್ತವೆ ಎಂಬುದು ಆ ವಿಷಯ. ಇದು ಇಲ್ಲಿ ಕುಳಿತಿರುವ ಅನೇಕ ತಂದೆತಾಯಿಗಳ ಮನೆಯ ವಿಷಯವೂ ಹೌದು. ನಮ್ಮ ಊರಿನ ಹಲವು ಮನೆಗಳ ಮಕ್ಕಳು ಇಂದು ಬೆಂಗಳೂರು, ಹೈದರಾಬಾದುಗಳ ಸಂಸ್ಥೆಗಳಲ್ಲಿ ದುಡಿಯುತ್ತಿದ್ದಾರೆ. ಹಬ್ಬಕ್ಕೆಂದು ಬಂದ ಮಗ ಊಟದ ನಡುವೆ ಫೋನು ಸದ್ದು ಮಾಡಿತೆಂದು ಎದ್ದುಹೋಗಿ ಎರಡು ಗಂಟೆ ಗಣಕಯಂತ್ರದ ಮುಂದೆ ಕೂರುತ್ತಾನೆ. ಮದುವೆಮನೆಗೆ ಬಂದ ಮಗಳು ಒಡವೆಯ ಪೆಟ್ಟಿಗೆಯ ಜೊತೆಗೆ ಲ್ಯಾಪ್‌ಟಾಪನ್ನೂ ಹೊತ್ತು ತರುತ್ತಾಳೆ. 'ಕಚೇರಿಯ ವೇಳೆ ಮುಗಿದ ಮೇಲೂ ಇದೆಂಥ ನೌಕರಿ?' ಎಂದು ಮನೆಯವರು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುತ್ತಲೇ ನಾನು ಹೇಳಬೇಕೆಂದಿರುವ ಒಂದು ಮಾತಿಗೆ ಬರುತ್ತೇನೆ.

ಆ ನೌಕರಿಯ ಹೆಸರು ಆನ್‌ಕಾಲ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಸರದಿ ಕಾವಲು. ಹೊಲದಲ್ಲಿ ಪೈರು ನಿಂತಾಗ ಅಣ್ಣತಮ್ಮಂದಿರು ರಾತ್ರಿಗೊಬ್ಬರಂತೆ ಕಾವಲು ಕಾಯುತ್ತಾರಲ್ಲ, ಅದೇ ಕ್ರಮ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕೋಸಿಗಿಯ ಕಡೆಯ ರೈತನೊಬ್ಬ ಆದೋನಿಯಲ್ಲಿ ಹತ್ತಿ ಮಾರಿದ್ದಾನೆ. ವ್ಯಾಪಾರಿ ರಾತ್ರಿ ಒಂಬತ್ತಕ್ಕೆ ಫೋನಿನಿಂದ ಹಣ ಕಳುಹಿಸುತ್ತಾನೆ. ವ್ಯಾಪಾರಿಯ ಖಾತೆಯಿಂದ ಹಣ ಹೋಗಿದೆ, ರೈತನ ಖಾತೆಗೆ ಬಂದಿಲ್ಲ. ಅದೇ ಗಳಿಗೆಯಲ್ಲಿ ದೇಶದ ಸಾವಿರಾರು ಕಡೆ ಅದೇ ತೊಡಕು. ಎಲ್ಲೋ ಒಂದು ಯಂತ್ರ ತಾನೇ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಆ ವಾರ ಕಾವಲಿನ ಸರದಿ ಯಾರದೋ ಅವರ ಫೋನು ಸದ್ದು ಮಾಡುತ್ತದೆ. ಅವರು ಊಟದಿಂದ ಎದ್ದರೆ, ಎಲ್ಲೋ ಒಂದು ಮನೆಯವರು ನಿಶ್ಚಿಂತೆಯಿಂದ ಉಣ್ಣಲೆಂದೇ ಎದ್ದಿರುತ್ತಾರೆ.

ಈ ಕಾವಲಿನಲ್ಲಿ ಒಂದು ಕಷ್ಟವಿದೆ. ಕೆಟ್ಟಿರುವ ಭಾಗವನ್ನು ಕಟ್ಟಿದವರು ಬೇರೆ, ಆ ರಾತ್ರಿ ಎಚ್ಚರವಿರುವವರು ಬೇರೆ. ಕಟ್ಟಿದವರು ಕೆಲಸ ಬಿಟ್ಟು ಹೋಗಿರಬಹುದು, ನಿದ್ರೆಯಲ್ಲಿರಬಹುದು, ಸಮುದ್ರದಾಚೆ ಇರಬಹುದು. ನಡುರಾತ್ರಿಯಲ್ಲಿ, ಆತಂಕದಲ್ಲಿ, ಅರೆನಿದ್ರೆಯಲ್ಲಿ ಎಷ್ಟೇ ಬುದ್ಧಿವಂತನ ಬುದ್ಧಿಯೂ ಅರ್ಧಕ್ಕಿಳಿಯುತ್ತದೆ. ಆಗ ಕೈಹಿಡಿಯುವುದು ಯಾವುದು? ಹಗಲಿನಲ್ಲಿ, ಸಮಾಧಾನದ ಮನಸ್ಸಿನಲ್ಲಿ ಯಾರೋ ಬರೆದಿಟ್ಟ ಎರಡು ಪುಟಗಳು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ಒಬ್ಬರ ತಲೆಯಲ್ಲಿ ಮಾತ್ರ ಇರುವ ತಿಳಿವಳಿಕೆ ಆಪತ್ಕಾಲದಲ್ಲಿ ಊರಿನ ಆಸ್ತಿಯಾಗದು, ಬರೆದಿಟ್ಟಾಗ, ಅದೂ ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆದಿಟ್ಟಾಗ ಮಾತ್ರ ಅದು ಎಲ್ಲರದಾಗುತ್ತದೆ.

ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಹೊಲಗಳಿಗೂ ಕುಡಿಯುವ ನೀರಿಗೂ ಆಸರೆಯಾದ ತುಂಗಭದ್ರೆಯ ಕೆಳಮಟ್ಟದ ಕಾಲುವೆ ಯಾವ ಜಲಾಶಯದಿಂದ ಹೊರಡುತ್ತದೆಯೋ ಅಲ್ಲಿ 2024ರ ಆಗಸ್ಟ್ 10ರ ರಾತ್ರಿ ನಡೆದದ್ದನ್ನು ನೀವೆಲ್ಲ ಬಲ್ಲಿರಿ. ಹೊಸಪೇಟೆಯ ಬಳಿಯ ಆ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳು. ಅವುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿನಿಂತಿದ್ದ ಕಾಲ. ಆ ಒಂದು ಕಿಂಡಿಯಿಂದಲೇ ಸುಮಾರು 35,000 ಕ್ಯೂಸೆಕ್ ನೀರು ನುಗ್ಗತೊಡಗಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ನದಿಯ ಕೆಳಭಾಗದಲ್ಲಿ ಎಚ್ಚರಿಕೆ ಹೊರಟಿತು. ಕೌತಾಳಂ, ಕೋಸಿಗಿ, ಮಂತ್ರಾಲಯ, ನಂದವರಂ ಮಂಡಲಗಳ ಜನ ನದಿಗೆ ಇಳಿಯಬಾರದೆಂದು ಸಾರಲಾಯಿತು. 2009ರ ಅಕ್ಟೋಬರ್ ಆರಂಭದ ಪ್ರವಾಹದಲ್ಲಿ ಮಂತ್ರಾಲಯವೂ ಕರ್ನೂಲು ನಗರವೂ ಮುಳುಗಿದ್ದನ್ನು ಕಂಡಿದ್ದ ಜನರಿಗೆ ಆ ಸುದ್ದಿ ಎಂಥ ಕಳವಳ ತಂದಿರಬಹುದೆಂದು ಊಹಿಸಬಹುದು.

ಮುಂದಿನ ಒಂದು ವಾರವನ್ನು ನೆನೆಯಿರಿ. ನೀರು ಹರಿಯುತ್ತಿರುವಾಗ ಹೊಸ ಗೇಟು ಕೂರಿಸುವುದು ಅಸಾಧ್ಯ. ಕೂರಿಸಬೇಕಾದರೆ ಸುಮಾರು 60 ಟಿಎಂಸಿ ಅಡಿ ನೀರನ್ನು ಖಾಲಿ ಮಾಡಬೇಕಾದೀತು ಎಂಬ ಮಾತು ಕೇಳಿಬಂತು. ಜಲಾಶಯದ ಸಾಮರ್ಥ್ಯವೇ ಸುಮಾರು 105 ಟಿಎಂಸಿ ಅಡಿ. ಅರ್ಧಕ್ಕಿಂತ ಹೆಚ್ಚು ನೀರು ಹೋದರೆ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯಗಳ ಅಚ್ಚುಕಟ್ಟಿನ ರೈತರ ಗತಿಯೇನು? ಆಗ ಮುಂದೆ ಬಂದವರು ಗೇಟುಗಳ ಕೆಲಸದಲ್ಲಿ ಆಯುಷ್ಯ ಸವೆಸಿದ, ಎಪ್ಪತ್ತು ದಾಟಿದ ನಿವೃತ್ತ ತಜ್ಞ ಎನ್. ಕನ್ನಯ್ಯ ನಾಯ್ಡು. ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸಿ ಕಿಂಡಿ ಮುಚ್ಚಬಹುದೆಂದು ಅವರು ಧೈರ್ಯ ತುಂಬಿದರು. ಸ್ಟಾಪ್‌ಲಾಗ್ ಎಂದು ಕರೆಯುವ ಆ ಹಲಗೆಗಳನ್ನು ಅಕ್ಕಪಕ್ಕದ ಕಾರ್ಖಾನೆಗಳಲ್ಲಿ ಹಗಲಿರುಳು ತಯಾರಿಸಲಾಯಿತು. ಆಗಸ್ಟ್ 16ರಂದು ಮೊದಲ ಹಲಗೆ ಇಳಿಯಿತು, ಮರುದಿನ ಐದೂ ಹಲಗೆಗಳು ಕೂತು ನೀರು ನಿಂತಿತು. ಕ್ರೇನು ನಡೆಸಿದವರು, ಬೆಸುಗೆ ಹಾಕಿದವರು, ನೀರಿನ ಅಬ್ಬರದ ಮೇಲೆ ತೂಗಾಡುತ್ತಾ ಹಲಗೆಯನ್ನು ಸರಿಪಡಿಸಿದ ಕಾರ್ಮಿಕರು, ಅವರೆಲ್ಲರಿಗೂ ಈ ಬಯಲು ಸೀಮೆ ಋಣಿಯಾಗಿದೆ.

ಆ ಸಾಹಸವನ್ನು ನಾವು ಕೊಂಡಾಡಿದ್ದೇವೆ, ಕೊಂಡಾಡಬೇಕು. ಆದರೆ ನನ್ನ ವೃತ್ತಿಯವರು ಅಲ್ಲಿಗೇ ನಿಲ್ಲುವುದಿಲ್ಲ. ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಆ ಹಿರಿಯರು ಆ ವಾರ ದೊರೆಯದಿದ್ದರೆ ಏನಾಗುತ್ತಿತ್ತು? ಅಣೆಕಟ್ಟಿನ ಪಕ್ಕದಲ್ಲಿಯೇ ಇಂಥ ಗೇಟುಗಳನ್ನು ತಯಾರಿಸುತ್ತಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರ್ಕಾರಿ ಕಾರ್ಖಾನೆ ಅದಕ್ಕೆ ಮೊದಲೇ ಮುಚ್ಚಿತ್ತು. ಕಾರ್ಖಾನೆ ಮುಚ್ಚಿದಾಗ ಯಂತ್ರಗಳನ್ನು ಹರಾಜು ಹಾಕಬಹುದು. ಅಲ್ಲಿನವರ ಕೈಗಳಲ್ಲಿದ್ದ ತಿಳಿವಳಿಕೆಗೆ ಪಟ್ಟಿಯೂ ಇಲ್ಲ, ಹರಾಜೂ ಇಲ್ಲ, ಅದು ಸುಮ್ಮನೆ ಮನೆಗೆ ಹೋಗಿಬಿಡುತ್ತದೆ. ಬೇಕಾದಾಗ ಮನೆಗಳ ಬಾಗಿಲು ಬಡಿಯಬೇಕು, ಬಾಗಿಲು ತೆರೆಯುವವರು ಇರಬೇಕು. 2024ರಲ್ಲಿ ಇದ್ದರು, ಅದು ನಮ್ಮ ಪುಣ್ಯ. ಆದರೆ ಪುಣ್ಯವನ್ನು ನಂಬಿ ನೀರಾವರಿ ನಡೆಸುವುದಕ್ಕಾಗದು. ಅನಂತರ ಪರಿಶೀಲಿಸಿದ ತಜ್ಞರ ಸಮಿತಿ ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದು ಸೂಚಿಸಿತು. ಗೇಟು ಬದಲಿಸುವಷ್ಟೇ ಮುಖ್ಯವಾದದ್ದು ಆ ಏಳು ದಿನಗಳಲ್ಲಿ ಯಾರು ಯಾವಾಗ ಏನು ಮಾಡಿದರು, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದನ್ನು ಮುಂದಿನ ತಲೆಮಾರಿನ ಎಂಜಿನಿಯರು ರಾತ್ರಿ ಹನ್ನೆರಡಕ್ಕೆ ತೆರೆದು ಓದಬಲ್ಲ ರೀತಿಯಲ್ಲಿ ಬರೆದಿಡುವುದು.

ಈಗ ಸಾಫ್ಟ್‌ವೇರ್ ತಂಡಗಳು ಏನನ್ನು, ಹೇಗೆ ಬರೆಯುತ್ತವೆ ಎಂಬುದಕ್ಕೆ ಬರೋಣ. ಬರವಣಿಗೆ ಮೂರು ಹೊತ್ತಿನದು: ಆಪತ್ತಿಗೆ ಮೊದಲು, ಆಪತ್ತಿನ ನಡುವೆ, ಆಪತ್ತು ಕಳೆದ ಮೇಲೆ.

ಮೊದಲಿನದು ಕೈಪಿಡಿ. ವೃತ್ತಿಯಲ್ಲಿ ಅದನ್ನು ರನ್‌ಬುಕ್ ಎನ್ನುತ್ತಾರೆ. ಯಾವ ಗಂಟೆ ಬಾರಿಸಿದರೆ ಏನೆಂದು ಅರ್ಥ, ಮೊದಲು ಎಲ್ಲಿ ನೋಡಬೇಕು, ಯಾವ ಹೆಜ್ಜೆ ಇಟ್ಟರೆ ಹಾನಿ ನಿಲ್ಲುತ್ತದೆ, ಇಟ್ಟ ಹೆಜ್ಜೆ ತಪ್ಪಾದರೆ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ, ತನ್ನಿಂದಾಗದಿದ್ದರೆ ಯಾರನ್ನು ಎಬ್ಬಿಸಬೇಕು, ಇವೆಲ್ಲ ಅದರಲ್ಲಿರುತ್ತವೆ. ಆಪತ್ತಿನ ಗಾತ್ರವನ್ನೂ ಮೊದಲೇ ಅಳೆದಿಟ್ಟಿರುತ್ತಾರೆ: ಯಾವುದಕ್ಕೆ ಬೆಳಗಿನವರೆಗೆ ಕಾಯಬಹುದು, ಯಾವುದಕ್ಕೆ ಇಡೀ ತಂಡವನ್ನು ಎಬ್ಬಿಸಬೇಕು ಎಂದು. ಒಳ್ಳೆಯ ಕೈಪಿಡಿಯ ವಾಕ್ಯ ಚಿಕ್ಕದು, ಒಂದು ವಾಕ್ಯಕ್ಕೆ ಒಂದೇ ಕೆಲಸ. 'ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು' ಎಂಬ ಮಾತಿಗೆ ಅಲ್ಲಿ ಸ್ಥಾನವಿಲ್ಲ. ಸೂಕ್ತವಾದದ್ದು ಯಾವುದೆಂದು ಹೇಳುವುದಕ್ಕಾಗಿಯೇ ಕೈಪಿಡಿ ಇರುವುದು. ಬರೆದವರೇ ಓದಿ ಮೆಚ್ಚಿಕೊಂಡರೆ ಸಾಲದು. ತಂಡಕ್ಕೆ ಹೊಸದಾಗಿ ಸೇರಿದವರ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಬೇಕು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಬರವಣಿಗೆ ಸೋತಿದೆ.

ಎರಡನೆಯದು ನಡುವಿನ ಬರವಣಿಗೆ. ದೊಡ್ಡ ಆಪತ್ತು ಬಂದಾಗ ತಂಡದಲ್ಲಿ ಒಬ್ಬರು ಮುಂದಾಳು. ಅವರು ತಾವೇ ರಿಪೇರಿಗೆ ಕೈಹಾಕದೆ ಯಾರು ಏನು ಮಾಡಬೇಕೆಂದು ನಿರ್ಧರಿಸುತ್ತಾರೆ. ಕೆಲವರು ರಿಪೇರಿಗೆ. ಒಬ್ಬರು ಹೊರಗಿನವರಿಗೆ ಸುದ್ದಿ ಹೇಳುವುದಕ್ಕೆ. ಮತ್ತೊಬ್ಬರು ಕೇವಲ ಬರೆಯುವುದಕ್ಕೆ. ಈ ಪಾತ್ರವಿಭಜನೆಯನ್ನು ಸಾಫ್ಟ್‌ವೇರ್‌ನವರು ಕಲಿತದ್ದು ಅಗ್ನಿಶಾಮಕ ದಳದವರಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ಭಾರಿ ಕಾಡ್ಗಿಚ್ಚುಗಳೆದ್ದಾಗ ಬೇರೆ ಬೇರೆ ದಳಗಳು ಒಟ್ಟಿಗೆ ಸೇರಿದರೂ ಯಾರ ಮಾತನ್ನು ಯಾರು ಕೇಳಬೇಕೆಂಬುದು ಸ್ಪಷ್ಟವಿರಲಿಲ್ಲ. ಆ ಅನುಭವದಿಂದ ಆ ದಶಕದಲ್ಲಿ ಒಂದು ಆಜ್ಞಾಕ್ರಮವನ್ನು ರೂಪಿಸಿದರು. ಊರಿಗೆ ಬೆಂಕಿ ಬಿದ್ದಾಗ ಹತ್ತು ಜನ ಹತ್ತು ಕಡೆ ಕೊಡ ಹಿಡಿದು ಓಡುವುದಕ್ಕಿಂತ, ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುವುದು ಮೇಲೆಂಬುದನ್ನು ನಮ್ಮ ಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ.

ಆ ಬರೆಯುವವರ ಪಾತ್ರ ಆದೋನಿಯವರಿಗೆ ಸುಲಭವಾಗಿ ತಿಳಿಯುತ್ತದೆ. ನಮ್ಮ ಹತ್ತಿ ಮಂಡಿಗಳಲ್ಲಿ ಕಿರ್ದಿ ಬೇರೆ, ಖಾತೆ ಬೇರೆ. ಕಿರ್ದಿಯಲ್ಲಿ ಆಯಾ ದಿನದ ವ್ಯವಹಾರ ನಡೆದ ಅನುಕ್ರಮದಲ್ಲಿಯೇ ಬೀಳುತ್ತದೆ. ಅರ್ಥ ಹಚ್ಚಿ ವಿಂಗಡಿಸುವುದು ಆಮೇಲೆ ಖಾತೆಯಲ್ಲಿ. ಆಪತ್ತಿನ ನಡುವಿನ ದಾಖಲೆ ಕಿರ್ದಿ. '11.10ಕ್ಕೆ ಗಂಟೆ ಬಾರಿಸಿತು. 11.14ಕ್ಕೆ ಇಂಥವರು ಬಂದರು. 11.20ಕ್ಕೆ ಇಂಥ ಯಂತ್ರವನ್ನು ನಿಲ್ಲಿಸಲಾಯಿತು, ಫಲ ಕಾಣಲಿಲ್ಲ.' ಅಭಿಪ್ರಾಯವಿಲ್ಲ, ಆರೋಪವಿಲ್ಲ, ವೇಳೆ ಮತ್ತು ಕಾರ್ಯ ಮಾತ್ರ. ರೈಲುನಿಲ್ದಾಣದಲ್ಲಿಯೂ ಇದೇ ಶಿಸ್ತು. ಮುಂಬಯಿ–ಚೆನ್ನೈ ಮಾರ್ಗದಲ್ಲಿರುವ ನಮ್ಮ ನಿಲ್ದಾಣದಂಥ ಸ್ಥಳಗಳಲ್ಲಿ ಗಾಡಿಗಳ ಬರುಹೋಗುವಿಕೆಯನ್ನು ನಿಮಿಷ ಸಹಿತ ಪುಸ್ತಕದಲ್ಲಿ ನಮೂದಿಸುವ ಪದ್ಧತಿ ಬೆಳೆದುಬಂದಿದೆ. ಪಾಳಿ ಬದಲಾಗುವಾಗ ಹೋಗುವ ಸ್ಟೇಷನ್ ಮಾಸ್ತರರು ಬಾಕಿಯಿರುವ ಸಂಗತಿಗಳನ್ನು ಬರೆದು ಸಹಿ ಹಾಕುತ್ತಾರೆ, ಬರುವವರು ಓದಿ ಸಹಿ ಹಾಕುತ್ತಾರೆ. ಆ ಎರಡು ಸಹಿಗಳ ನಡುವೆ ಸಾವಿರ ಜನರ ಜೀವವಿದೆ. ಸಾಫ್ಟ್‌ವೇರ್ ಕಾವಲಿನಲ್ಲಿಯೂ ವಾರದ ಸರದಿ ಕೈಬದಲಾಗುವಾಗ ಇಂಥದೇ ಒಂದು ಚೀಟಿ ಕೈಬದಲಾಗುತ್ತದೆ.

ಮೂರನೆಯದು ಆಪತ್ತು ಕಳೆದ ಮೇಲಿನ ವಿಮರ್ಶೆ. ಏನಾಯಿತು, ಯಾರಿಗೆ ಎಷ್ಟು ತೊಂದರೆಯಾಯಿತು, ಗೊತ್ತಾಗಲು ಏಕೆ ತಡವಾಯಿತು, ಮುಂದೆ ಏನು ಬದಲಿಸಬೇಕು, ಬದಲಿಸುವ ಹೊಣೆ ಯಾರದು, ಯಾವ ದಿನಾಂಕದೊಳಗೆ ಎಂಬುದನ್ನು ಬರೆದು ಎಲ್ಲರೂ ಓದುವಂತೆ ಇಡುತ್ತಾರೆ. ಇದರ ಒಂದು ನಿಯಮ ಬಹಳ ಜನರಿಗೆ ವಿಚಿತ್ರವೆನಿಸುತ್ತದೆ: ಈ ಬರವಣಿಗೆಯಲ್ಲಿ ವ್ಯಕ್ತಿಯನ್ನು ದೂಷಿಸುವಂತಿಲ್ಲ. ಗೂಗಲ್ ಸಂಸ್ಥೆಯ ಎಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ನಿಯಮ ವೃತ್ತಿಯಲ್ಲೆಲ್ಲ ಹೆಚ್ಚು ಪರಿಚಿತವಾಯಿತು.

ಅದರ ತಿರುಳನ್ನು ತೋರಿಸುವ ಒಂದು ನಿಜ ಘಟನೆಯಿದೆ. ಗಿಟ್‌ಲ್ಯಾಬ್ ಎಂಬುದು ಪ್ರಪಂಚದ ಅನೇಕ ತಂತ್ರಜ್ಞರು ತಮ್ಮ ಕೆಲಸವನ್ನು ಇಟ್ಟುಕೊಳ್ಳುವ ಒಂದು ಸೇವೆ. 2017ರ ಜನವರಿ 31ರಂದು ಅಲ್ಲಿ ದತ್ತಾಂಶಸಂಗ್ರಹದ ತೊಡಕೊಂದನ್ನು ಬಿಡಿಸುತ್ತಿದ್ದ ಎಂಜಿನಿಯರೊಬ್ಬರು, ದುಡಿದು ದಣಿದ ತಡಹೊತ್ತಿನಲ್ಲಿ, ಪ್ರತಿಯಿರುವ ಯಂತ್ರದಲ್ಲಿ ಕೊಡಬೇಕಾಗಿದ್ದ ಅಳಿಸುವ ಆಜ್ಞೆಯನ್ನು ಮೂಲವಿರುವ ಯಂತ್ರದಲ್ಲಿ ಕೊಟ್ಟರು. ಕ್ಷಣಗಳಲ್ಲಿ ತಡೆದರೂ ಸುಮಾರು 300 ಗಿಗಾಬೈಟ್ ದತ್ತಾಂಶದಲ್ಲಿ ಬಹುಪಾಲು ಅಳಿಸಿಹೋಗಿತ್ತು. ಆಪತ್ಕಾಲಕ್ಕೆಂದು ಇಟ್ಟುಕೊಂಡಿದ್ದ ಪ್ರತಿಗಳನ್ನು ಹುಡುಕಿದರೆ ಇನ್ನೊಂದು ಆಘಾತ: ನಿತ್ಯ ಪ್ರತಿ ತೆಗೆಯುವ ವ್ಯವಸ್ಥೆ ವಿಫಲವಾಗುತ್ತಲೇ ಬಂದಿತ್ತು, ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕಾಗಿ ತೆಗೆದಿದ್ದ ಒಂದು ಪ್ರತಿ ಉಳಿದಿತ್ತು. ಅದರಿಂದ ಸೇವೆಯನ್ನು ಮತ್ತೆ ನಿಲ್ಲಿಸಿದರು.

ಅವರು ಅನಂತರ ಮಾಡಿದ್ದು ಗಮನಾರ್ಹ. ನಡೆದುದೆಲ್ಲವನ್ನೂ ಬರೆದು ಜಗತ್ತಿನ ಮುಂದಿಟ್ಟರು. ಆಜ್ಞೆ ಕೊಟ್ಟವರನ್ನು ಹೆಸರಿಸದೆ 'ತಂಡದ ಸದಸ್ಯ 1' ಎಂದಷ್ಟೇ ಕರೆದರು. ಏಕೆಂದರೆ ಒಬ್ಬರ ಕೈತಪ್ಪಿನಿಂದ ಇಷ್ಟು ದೊಡ್ಡ ಹಾನಿಯಾಗುವಂತಿದ್ದರೆ ದೋಷ ಆ ಕೈಗಿಂತ ವ್ಯವಸ್ಥೆಯಲ್ಲಿ ಹೆಚ್ಚಾಗಿದೆ. ಮೂಲ ಯಂತ್ರವೂ ಪ್ರತಿಯ ಯಂತ್ರವೂ ಒಂದೇ ರೀತಿ ಕಾಣುತ್ತಿದ್ದದ್ದೇಕೆ? ಪ್ರತಿಗಳಿಂದ ಮರಳಿ ಪಡೆಯಲಾಗುತ್ತದೆಯೇ ಎಂದು ಯಾರೂ ಪರೀಕ್ಷಿಸದಿದ್ದದ್ದೇಕೆ? ಆ ಎಂಜಿನಿಯರನ್ನು ಕೆಲಸದಿಂದ ತೆಗೆದಿದ್ದರೆ ಈ ಪ್ರಶ್ನೆಗಳು ಅವರೊಂದಿಗೆ ಹೊರಗೆ ಹೋಗುತ್ತಿದ್ದವು, ದೋಷ ಮಾತ್ರ ಒಳಗೇ ಉಳಿಯುತ್ತಿತ್ತು.

ದೂಷಿಸಬಾರದೆಂದರೆ ಯಾರಿಗೂ ಹೊಣೆ ಬೇಡವೆಂದಲ್ಲ. ಬೇಕೆಂದು ಕೇಡು ಮಾಡಿದವನಿಗೆ, ಎಚ್ಚರಿಕೆಯನ್ನು ತಿಳಿದೂ ಕಡೆಗಣಿಸಿದ ಅಧಿಕಾರಕ್ಕೆ ನ್ಯಾಯದ ಮಾರ್ಗ ಇದ್ದೇ ಇದೆ. ಸಾರ್ವಜನಿಕರ ನೀರು, ಹಣ, ಜೀವಗಳ ವಿಷಯದಲ್ಲಿ ಆ ಮಾರ್ಗ ತೆರೆದಿರಲೇಬೇಕು. ಆದರೆ ಪ್ರಾಮಾಣಿಕವಾಗಿ ದುಡಿಯುವವನ ತಪ್ಪಿಗೂ ದಂಡವೇ ಉತ್ತರವಾದರೆ ನಷ್ಟ ನಮ್ಮದೇ. ಪಾಲಕರೂ ಗುರುಗಳೂ ಇದನ್ನು ಬಲ್ಲರು. ಗಾಜು ಒಡೆದಾಗ ಬೆತ್ತ ಮಾತ್ರ ಮಾತನಾಡುವ ಮನೆಯಲ್ಲಿ ಮಗು ಚೂರುಗಳನ್ನು ಚಾಪೆಯ ಕೆಳಗೆ ಸೇರಿಸುತ್ತದೆ. ಮರುದಿನ ಅವು ಇನ್ನೊಬ್ಬರ ಕಾಲಿಗೆ ಚುಚ್ಚುತ್ತವೆ. 'ಎಲ್ಲಿ ಬಿತ್ತು, ಹೇಗೆ ಬಿತ್ತು, ಬಾ, ಗುಡಿಸೋಣ' ಎನ್ನುವ ಮನೆಯಲ್ಲಿ ಮಗು ತಾನೇ ಬಂದು ಹೇಳುತ್ತದೆ. ಸತ್ಯ ಹೇಳಿದವರಿಗೆ ಅಭಯವಿಲ್ಲದ ಕಡೆ ದಾಖಲೆ ಇರುತ್ತದೆ, ಅದರೊಳಗೆ ಸತ್ಯವಿರುವುದಿಲ್ಲ.

ಬರೆದಿಡುವ ಈ ವಿದ್ಯೆ ಗಣಕಯಂತ್ರದೊಂದಿಗೆ ಹುಟ್ಟಿದ್ದೆಂದು ತಿಳಿಯಬೇಕಾಗಿಲ್ಲ. ಈ ಸೀಮೆಯ ಅತಿದೊಡ್ಡ ಆಪತ್ತೊಂದು ಅಂಥ ಒಂದು ಬರಹಕ್ಕೆ ಕಾರಣವಾಗಿದೆ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಅತ್ಯಂತ ನೊಂದ ಪ್ರದೇಶಗಳಲ್ಲೊಂದು. ಅಂದು ಆದೋನಿ, ಆಲೂರುಗಳು ಆ ಜಿಲ್ಲೆಯವೇ. ಆ ದುರಂತದ ಬಳಿಕ ಬ್ರಿಟಿಷ್ ಸರ್ಕಾರ ನೇಮಿಸಿದ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು, 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಹೊರಬಂತು. ಧಾನ್ಯದ ಬೆಲೆ ಏರುವುದು, ಜನ ಗುಳೆ ಹೊರಡುವುದು ಮುಂತಾದ ಮುನ್ಸೂಚನೆಗಳನ್ನು ಗಮನಿಸಬೇಕು. ಸಂದೇಹವಿದ್ದರೆ ಪರೀಕ್ಷಾರ್ಥವಾಗಿ ಕಾಮಗಾರಿ ತೆರೆದು ಎಷ್ಟು ಜನ ಬರುತ್ತಾರೆಂದು ನೋಡಬೇಕು. ಅನಂತರ ಪರಿಹಾರ ಕಾಮಗಾರಿ, ದುಡಿಯಲಾರದವರಿಗೆ ಉಚಿತ ನೆರವು. ಗಂಟೆ ಯಾವಾಗ ಬಾರಿಸಬೇಕು, ಬಾರಿಸಿದ ಮೇಲೆ ಯಾರು ಏನು ಮಾಡಬೇಕು ಎಂಬುದೇ ಅಲ್ಲಿಯೂ ಇರುವುದು. ಪರಕೀಯ ಆಡಳಿತದ ಜಿಪುಣತನ ಆ ಸಂಹಿತೆಯಲ್ಲಿ ಇತ್ತು, ಬರೆದದ್ದನ್ನು ಪಾಲಿಸದ ಸಂದರ್ಭಗಳೂ ಇದ್ದವು. 1943ರ ಬಂಗಾಳದ ಕ್ಷಾಮದಲ್ಲಿ ಅಲ್ಲಿನ ಸರ್ಕಾರ ಕ್ಷಾಮವೆಂದು ಘೋಷಿಸಲೇ ಇಲ್ಲ. ಸಂಹಿತೆ ಕಪಾಟಿನಲ್ಲಿ ಉಳಿಯಿತು, ಜನ ಬೀದಿಯಲ್ಲಿ ಸತ್ತರು. ಓದಿ ನಡೆಯುವ ಮನಸ್ಸಿಲ್ಲದಿದ್ದರೆ ಯಾವ ಬರಹವೂ ಕಾಯದು. ಆದರೆ ಬರಹವೇ ಇಲ್ಲದಿದ್ದರೆ ಪ್ರತಿ ತಲೆಮಾರೂ ಅದೇ ಪಾಠವನ್ನು ಅದೇ ಬೆಲೆ ತೆತ್ತು ಕಲಿಯಬೇಕಾಗುತ್ತದೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಕೋಟೆಯ ನೆರಳಿನಲ್ಲಿ ಬದುಕುವ ನಮ್ಮ ಊರಿಗೆ ಹೊಸದಲ್ಲ.

ಯಂತ್ರಗಳ ಮೇಲಿನ ನಮ್ಮ ಅವಲಂಬನೆ ಎಷ್ಟೆಂಬುದಕ್ಕೆ ಇನ್ನೊಂದು ನಿದರ್ಶನ ಸಾಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ದೋಷಯುಕ್ತ ಪರಿಷ್ಕರಣೆಯಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಗಣಕಯಂತ್ರಗಳು ನಿಂತುಹೋದವು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸು ಕೊಟ್ಟರು. ಅದನ್ನು ಕಂಡು ಹಲವರು ನಕ್ಕರು. ನನಗೆ ಅದರಲ್ಲಿ ಗೌರವಿಸಬೇಕಾದ ಸಂಗತಿ ಕಂಡಿತು: ಯಂತ್ರ ನಿಂತಾಗ ಕೈಯಿಂದ ಕೆಲಸ ಸಾಗಿಸುವ ದಾರಿಯನ್ನು ಅಲ್ಲಿ ಯಾರೋ ಉಳಿಸಿಕೊಂಡಿದ್ದರು.

ಇಷ್ಟೆಲ್ಲ ಹೇಳಿದ್ದು ಈ ಶಾಲೆಗೆ ಹೇಗೆ ಸಂಬಂಧಿಸುತ್ತದೆಯೆಂದು ನೀವು ಕೇಳಬಹುದು. ಎರಡು ರೀತಿಯಲ್ಲಿ.

ಮೊದಲನೆಯದು ಮಕ್ಕಳ ವಿಷಯ. ಕನ್ನಡ ಮಾಧ್ಯಮದಲ್ಲಿ ಓದಿದವರು ಈ ವೃತ್ತಿಯಲ್ಲಿ ಹಿಂದೆ ಬೀಳುತ್ತಾರೆಂಬ ಆತಂಕ ಪಾಲಕರಲ್ಲಿದೆ. ನನ್ನ ಅನುಭವದಲ್ಲಿ, ಆಪತ್ಕಾಲದಲ್ಲಿ ಬೆಲೆ ಬರುವ ಗುಣ ಬೇರೆಯೇ. ನಡೆದುದನ್ನು ನಡೆದ ಕ್ರಮದಲ್ಲಿ ಹೇಳುವುದು, ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸದಿರುವುದು, ಓದುವವರಿಗೆ ಏನು ಗೊತ್ತಿಲ್ಲವೆಂದು ಊಹಿಸಿ ಅದನ್ನು ಮೊದಲು ಹೇಳುವುದು, ಈ ಮೂರು ಬಂದರೆ ಯಾವ ಭಾಷೆಯಲ್ಲಾದರೂ ಒಳ್ಳೆಯ ದಾಖಲೆ ಬರೆಯಬಹುದು. ಇವನ್ನು ಮಗು ಕಲಿಯುವುದು ತನ್ನ ಮನೆಮಾತಿನಲ್ಲಿ, ಪ್ರಬಂಧದ ಪುಸ್ತಕದಲ್ಲಿ, ಗುರುಗಳ ಕೆಂಪು ಶಾಯಿಯಲ್ಲಿ. ಇಂಗ್ಲಿಷನ್ನು ಆಮೇಲೆ ಕಲಿಯಬಹುದು, ಕಲಿಯಬೇಕು. ಯೋಚನೆಯ ಕ್ರಮ ಆಮೇಲೆ ಬರುವುದು ಕಷ್ಟ. ಆದುದರಿಂದ ಗುರುಗಳಲ್ಲಿ ನನ್ನ ವಿನಂತಿ: 'ನನ್ನ ಮೆಚ್ಚಿನ ಹಬ್ಬ'ದ ಜೊತೆಗೆ 'ನಮ್ಮ ಬೀದಿಯ ಕೊಳವೆ ಒಡೆದ ದಿನ' ಎಂಬ ವಿಷಯವನ್ನೂ ಕೊಡಿ. ವೇಳೆ ಸಹಿತ ಬರೆಯಲಿ. ಒಂದು ತರಗತಿಯ ಮಗು ಬರೆದದ್ದನ್ನು ಇನ್ನೊಂದು ತರಗತಿಯ ಮಗು ಓದಿ, ಏನಾಯಿತೆಂದು ಹೇಳಲಿ.

ಎರಡನೆಯದು ಶಾಲೆಯದೇ ವಿಷಯ, ಇದು ಹೆಚ್ಚು ಗುರುತರವಾದದ್ದು. ಗಡಿಯಾಚೆಯ ಕನ್ನಡ ಶಾಲೆ ನಡೆಯುವುದು ಪಾಠದಿಂದ ಮಾತ್ರವಲ್ಲ. ಕನ್ನಡ ಪಠ್ಯಪುಸ್ತಕಗಳಿಗೆ ಯಾವ ತಿಂಗಳು, ಯಾವ ಕಚೇರಿಗೆ, ಯಾವ ನಮೂನೆಯಲ್ಲಿ ಬೇಡಿಕೆ ಸಲ್ಲಿಸಬೇಕು. ಕನ್ನಡ ಶಿಕ್ಷಕರ ಹುದ್ದೆ ತೆರವಾದರೆ ಯಾವ ಆದೇಶವನ್ನು ಉಲ್ಲೇಖಿಸಿ ಅರ್ಜಿ ಬರೆಯಬೇಕು. ಪುಸ್ತಕ ತಡವಾದರೆ ಯಾರ ಬಾಗಿಲು ತಟ್ಟಬೇಕು, ಇವೆಲ್ಲ ಎಷ್ಟೋ ಶಾಲೆಗಳಲ್ಲಿ ಒಬ್ಬ ಹಿರಿಯ ಶಿಕ್ಷಕರ ನೆನಪಿನಲ್ಲಿ ಮಾತ್ರ ಇರುತ್ತವೆ. ಅವರು ನಿವೃತ್ತರಾದ ದಿನ ಹಾರ ಹಾಕಿ, ಶಾಲು ಹೊದೆಸಿ, ಮನೆಗೆ ಕಳುಹಿಸಿ ಬರುತ್ತೇವೆ. ಅವರೊಂದಿಗೆ ಏನೇನು ಹೊರಟುಹೋಯಿತೆಂಬುದು ಮುಂದಿನ ಜೂನ್ ತಿಂಗಳಲ್ಲಿ ತಿಳಿಯುತ್ತದೆ. ಅಣೆಕಟ್ಟಿನ ಗೇಟಿನಂತೆ ಇದು ಸದ್ದು ಮಾಡಿ ಮುರಿಯುವುದಿಲ್ಲ. ಒಂದು ವರ್ಷ ಪುಸ್ತಕ ಬರಲಿಲ್ಲ, ಒಂದು ವರ್ಷ ಶಿಕ್ಷಕರು ಬರಲಿಲ್ಲ, ಮೂರನೆಯ ವರ್ಷ ಮಕ್ಕಳು ಬರಲಿಲ್ಲ. ಶಾಲೆ ಮುಚ್ಚುವುದು ಹೀಗೆ.

ಆದ್ದರಿಂದ ಈ ಶತಮಾನೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳಾದ ನಾವು ಮೂರು ಪುಸ್ತಕಗಳನ್ನು ಸಿದ್ಧಪಡಿಸಿ ಕಚೇರಿಯಲ್ಲಿ ಇಡೋಣವೆಂದು ಸೂಚಿಸುತ್ತೇನೆ. ಒಂದು, ಆಪತ್ತಿನ ಪುಸ್ತಕ. ಹಾವು ಕಚ್ಚಿದರೆ, ಅಡುಗೆಮನೆಯಲ್ಲಿ ಬೆಂಕಿ ಹೊತ್ತಿದರೆ, ಊಟದಿಂದ ಮಕ್ಕಳು ಅಸ್ವಸ್ಥರಾದರೆ ಮೊದಲ ಹತ್ತು ನಿಮಿಷದಲ್ಲಿ ಯಾರು ಏನು ಮಾಡಬೇಕು. 108, 101, 112 ಯಾವುದಕ್ಕೆ ಯಾವುದು. ಹಿಂಬಾಗಿಲಿನ ಬೀಗದಕೈ ಯಾರ ಬಳಿ. ಇದರ ಮುಖ್ಯಾಂಶಗಳು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಗೋಡೆಯ ಮೇಲಿರಲಿ, ಏಕೆಂದರೆ ಆಪತ್ತಿನಲ್ಲಿ ಓಡಿಬರುವ ನೆರೆಯವರು ಯಾವ ಭಾಷೆಯವರೆಂದು ಮೊದಲೇ ಹೇಳಲಾಗದು. ಎರಡು, ಕಚೇರಿಯ ಕೈಪಿಡಿ. ನಮ್ಮ ನಿವೃತ್ತ ಗುರುಗಳ ಮನೆಗಳಿಗೆ ಹೋಗಿ, ಅವರು ಹೇಳಿದ್ದನ್ನು ತಿಂಗಳುವಾರು ಬರೆದುಕೊಳ್ಳೋಣ. ಮೂರು, ಘಟನೆಗಳ ಪುಸ್ತಕ. ಶಾಲೆಗೆ ಬಂದ ಪ್ರತಿ ತೊಡಕನ್ನೂ, ಅದು ಬಗೆಹರಿದ ರೀತಿಯನ್ನೂ, ಯಾರನ್ನೂ ಹೀಗಳೆಯದೆ ಬರೆಯೋಣ. ವರ್ಷಕ್ಕೊಮ್ಮೆ ಹೊಸದಾಗಿ ಸೇರಿದ ಶಿಕ್ಷಕರು ಮೂರನ್ನೂ ಓದಿ, ಅರ್ಥವಾಗದ್ದನ್ನು ಗುರುತಿಸಿ ತಿದ್ದಿಸಲಿ. ತಿದ್ದದ ಕೈಪಿಡಿ ತುಕ್ಕು ಹಿಡಿದ ಸರಪಳಿಯಂತೆ; ನೋಡುವುದಕ್ಕೆ ಇರುತ್ತದೆ, ಭಾರ ಬಿದ್ದ ದಿನ ಇರುವುದಿಲ್ಲ.

ಇವಕ್ಕೆ ಹೆಚ್ಚು ಹಣ ಬೇಡ. ಮೂರು ನೋಟುಬುಕ್ಕು, ಕೆಲವು ಭಾನುವಾರಗಳು, ಹಿರಿಯರ ಎದುರು ತಾಳ್ಮೆಯಿಂದ ಕುಳಿತು ಕೇಳುವ ಕಿವಿ ಇದ್ದರೆ ಸಾಕು. ಕಟ್ಟಡಕ್ಕೆ ಬಣ್ಣ ಬಳಿಸುವವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಈ ಪುಸ್ತಕ ಬರೆದವರ ಹೆಸರು ಬಹುಶಃ ಉಳಿಯಲಾರದು. ಆದರೆ ಎಂದೋ ಒಂದು ದಿನ, ನಮ್ಮನ್ನು ನೋಡಿಯೇ ಇರದ ಯುವ ಶಿಕ್ಷಕಿಯೊಬ್ಬಳು ಕಷ್ಟದ ಗಳಿಗೆಯಲ್ಲಿ ಆ ಪುಟ ತೆರೆದು, ಮಾಡಬೇಕಾದದ್ದನ್ನು ಮಾಡಿ, ಪುಸ್ತಕ ಮುಚ್ಚಿ ತರಗತಿಗೆ ಹಿಂದಿರುಗಿಯಾಳು. ಅಷ್ಟಾದರೆ ನಮ್ಮ ಬರವಣಿಗೆ ಸಾರ್ಥಕ.

ಈ ವಿದ್ಯಾಸಂಸ್ಥೆ ಎರಡನೆಯ ಶತಮಾನವನ್ನೂ ಕನ್ನಡದಲ್ಲಿಯೇ ಪೂರೈಸಲೆಂದು ಹಾರೈಸುತ್ತೇನೆ.